ಡಿಕ್ಟೇಶನ್ ಕೆಲಸದಲ್ಲಿ ಆಗುತ್ತಿರುವ ಬದಲಾವಣೆ: ನಮ್ಮ ವಕೀಲರಿಗೊಂದು ಪತ್ರ

ಧಾರವಾಡ

ಮಾನ್ಯ ವಕೀಲ ಸಾಹೇಬರೆಲ್ಲರಿಗೆ, ನಿಮ್ಮ ಕಚೇರಿಯ ಜೂನಿಯರುಗಳಿಗೆ, ಗುಮಾಸ್ತರಿಗೆ ನಮಸ್ಕಾರ.

ಬರುವ ತಿಂಗಳ ಮೊದಲ ಸೋಮವಾರದಿಂದ, ನೀವು ಫೋನಿನಲ್ಲೋ ರೆಕಾರ್ಡರಿನಲ್ಲೋ ಮಾತಾಡಿ ಕಳಿಸುವ ಡಿಕ್ಟೇಶನ್ನಿನ ಮೊದಲ ಕರಡನ್ನು ನಮ್ಮ ಟೈಪಿಂಗ್ ಕಚೇರಿಯ ಕಂಪ್ಯೂಟರ್ ಬರೆಯುತ್ತದೆ. ಇಷ್ಟು ದಿನ ನಿಮ್ಮ ಕಾಗದ ಟೈಪ್ ಮಾಡುತ್ತಿದ್ದವರೇ ನಿಮ್ಮ ಧ್ವನಿಯನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತ ಆ ಕರಡನ್ನು ಸಾಲು ಸಾಲಾಗಿ ತಿದ್ದುತ್ತಾರೆ. ತಿದ್ದದ ಒಂದು ಪುಟವೂ ನಮ್ಮ ಬಾಗಿಲು ದಾಟುವುದಿಲ್ಲ. ಎದುರು ಕೂತು ಹೇಳಿ ಬರೆಸುವವರಿಗೆ ಏನೂ ಬದಲಾಗಿಲ್ಲ. ಶೀಘ್ರಲಿಪಿಯವರು ಎಂದಿನಂತೆ ಪೆನ್ಸಿಲ್ ಹಿಡಿದು ಕೂತಿರುತ್ತಾರೆ.

ಈ ಬದಲಾವಣೆಗೆ ಮುಖ್ಯ ಕಾರಣ ಜನ ಸಿಗದಿರುವುದು. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ಹೊರತಂದ ಶೀಘ್ರಲಿಪಿಯನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು, ಜೂನಿಯರ್ ಸೀನಿಯರ್ ಪರೀಕ್ಷೆ ಪಾಸು ಮಾಡಿ ವಕೀಲರ ಕಚೇರಿಗೆ ಬರುವವರು ಈಗ ತೀರ ವಿರಳ. ಪಾಸಾದವರು ಸರ್ಕಾರಿ ಸ್ಟೆನೊ ಹುದ್ದೆಗೆ ಹೋಗುತ್ತಾರೆ. ಹೋಗಲಿ, ಅವರಿಗೂ ಒಳ್ಳೆಯದಾಗಬೇಕು. ಇತ್ತ ಕೆಲಸ ಮಾತ್ರ ಕಡಿಮೆಯಾಗಿಲ್ಲ. 2008ರಲ್ಲಿ ಇಲ್ಲಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಪೀಠವಾಯಿತು. ಹೈಕೋರ್ಟಿಗೆ ಇಂಗ್ಲಿಷ್, ತಾಲೂಕು ಕೋರ್ಟಿಗೆ ಕನ್ನಡ. ಬೆಳಿಗ್ಗೆ ರಿಟ್ ಅರ್ಜಿ, ಮಧ್ಯಾಹ್ನ ವಾಟ್ನಿ (ಆಸ್ತಿ ಪಾಲಿನ) ದಾವೆಯ ತಕರಾರು, ಅಂದರೆ ಪ್ರತಿವಾದಿಯ ಲಿಖಿತ ಉತ್ತರ. ಎರಡೂ ಭಾಷೆಯಲ್ಲಿ ಕೈ ಕೂತವರು ನಮ್ಮಲ್ಲಿ ಕೆಲವರೇ, ಅವರ ವೇಳೆಯೆಲ್ಲ ಕೀಲಿ ಒತ್ತುವುದರಲ್ಲೇ ಕಳೆಯುತ್ತಿದೆ.

ವಕೀಲರ ಕಚೇರಿಗೆ ಯಂತ್ರ ಬರುವುದು ಹೊಸದೇನಲ್ಲ. ಡಿಕ್ಟಾಫೋನ್ ಎಂಬ ಹೆಸರು ಅಮೆರಿಕದಲ್ಲಿ 1907ರಷ್ಟು ಹಿಂದೆಯೇ ನೋಂದಣಿಯಾಗಿತ್ತು. ಆಗ ಮಾತು ಮೇಣದ ಸಿಲಿಂಡರಿನ ಮೇಲೆ ಮೂಡುತ್ತಿತ್ತು. ಟೈಪಾದ ಮೇಲೆ ಮೇಣವನ್ನು ತೆಳ್ಳಗೆ ಹೆರೆದು ಅದನ್ನೇ ಮತ್ತೆ ಬಳಸುತ್ತಿದ್ದರು. ಆಮೇಲೆ ಟೇಪು, ಪುಟ್ಟ ಕ್ಯಾಸೆಟ್ಟು, ಕಾಲಲ್ಲಿ ಒತ್ತಿ ಹಿಂದೆ ಮುಂದೆ ಓಡಿಸುವ ಪೆಡಲ್ ಬಂದವು. ಇವೆಲ್ಲ ಧ್ವನಿಯನ್ನು ಕಾದಿಟ್ಟವು, ಬರೆದವರು ಮನುಷ್ಯರೇ. ತಡೆಯಿಲ್ಲದೆ ಆಡಿದ ಇಂಗ್ಲಿಷ್ ಮಾತನ್ನು ತಾನೇ ಬರೆಯುವ ಡ್ರ್ಯಾಗನ್ ತಂತ್ರಾಂಶ 1997ರಲ್ಲಿ ಮಾರುಕಟ್ಟೆಗೆ ಬಂತು. ಕನ್ನಡಕ್ಕೆ ಗೂಗಲ್ಲಿನ ಧ್ವನಿ ಟೈಪಿಂಗ್ ಬಂದದ್ದು 2017ರಲ್ಲಿ. ಅದನ್ನು ನಾವು ಕಚೇರಿಯ ಕೆಲಸಕ್ಕೆ ತರಲಿಲ್ಲ. ನಿಮ್ಮ ಕಕ್ಷಿದಾರರ ಗುಟ್ಟು ಹೊರಗಿನ ಯಾವುದೋ ಸರ್ವರಿಗೆ ಹೋಗಿ ಬರುವುದು ನಮಗೆ ಒಪ್ಪಿಗೆಯಾಗಲಿಲ್ಲ. 2022ರಲ್ಲಿ ಓಪನ್‌ಎಐ ಸಂಸ್ಥೆ ಮಾತನ್ನು ಬರಹವಾಗಿಸುವ ವಿಸ್ಪರ್ ಎಂಬ ಮಾದರಿಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಮೇಲೆ, ಇಂಥ ಕೆಲಸವನ್ನು ಇಂಟರ್ನೆಟ್ ಇಲ್ಲದೆ, ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮಾಡುವ ದಾರಿ ತೆರೆಯಿತು. ಕೋರ್ಟುಗಳೂ ಇದೇ ದಿಕ್ಕಿನಲ್ಲಿವೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದಗಳು 2023ರ ಫೆಬ್ರುವರಿಯಿಂದ ಯಂತ್ರದ ನೆರವಿನಿಂದ ಬರಹಕ್ಕಿಳಿಯುತ್ತಿರುವುದು ನಿಮಗೆ ತಿಳಿದೇ ಇದೆ.

ಇನ್ನು ಯಂತ್ರ ಎಲ್ಲಿ ಎಡವುತ್ತದೆ ಎಂಬುದು. ಇದನ್ನು ಬಿಡಿಸಿ ಹೇಳದೆ ನಿಮ್ಮ ಒಪ್ಪಿಗೆ ಕೇಳುವುದು ನ್ಯಾಯವಲ್ಲ.

ಜಮೀನಿನ ಅಳತೆ ಎಲ್ಲಕ್ಕಿಂತ ದೊಡ್ಡ ಅಪಾಯ. ನೀವು ‘ನಾಲ್ಕೂವರೆ ಎಕರೆ’ ಎನ್ನುತ್ತೀರಿ. ಯಂತ್ರ 4.5 ಎಂದು ಬರೆಯುತ್ತದೆ. ಉತಾರ (ಜಮೀನಿನ ದಾಖಲೆ) ಓದಿ ರೂಢಿಯಾದ ಕಣ್ಣು ಅದನ್ನು 4 ಎಕರೆ 5 ಗುಂಟೆ ಎಂದೇ ಓದೀತು. ಎಕರೆಗೆ 40 ಗುಂಟೆ, ಆದ್ದರಿಂದ ಇರಬೇಕಾದದ್ದು 4 ಎಕರೆ 20 ಗುಂಟೆ. ಒಂದು ಚುಕ್ಕೆಯಲ್ಲಿ 15 ಗುಂಟೆ ಹೋಯಿತು! ಗುಂಟೆಯ ಕೆಳಗೆ ಆಣೆ ಬಂದರಂತೂ ಅದನ್ನು ರೂಪಾಯಿ ಲೆಕ್ಕಕ್ಕೆ ಸೇರಿಸಿದರೂ ಆಶ್ಚರ್ಯವಿಲ್ಲ. ಊರ ಹೆಸರುಗಳೂ ಹಾಗೆಯೇ. ನವಲಗುಂದ ನಮ್ಮ ಜಿಲ್ಲೆ, ನರಗುಂದ ಗದಗ ಜಿಲ್ಲೆ. ಕಿವಿಗೆ ಹತ್ತಿರದ ಹೆಸರುಗಳು, ಆದರೆ ಕೋರ್ಟಿನ ಅಧಿಕಾರ ವ್ಯಾಪ್ತಿಯೇ ಬೇರೆ.

ಎರಡನೆಯದು ವಾಕ್ಯದ ಬಾಲ. ನಮ್ಮ ಭಾಷೆಯಲ್ಲಿ ‘ಇಲ್ಲ’ ಕೂರುವುದು ಕ್ರಿಯಾಪದದ ಕೊನೆಯಲ್ಲಿ, ದಿನದ ಕೊನೆಗೆ ದಣಿದ ಧ್ವನಿ ತಗ್ಗುವುದೂ ಅಲ್ಲಿಯೇ. ‘ವಾದಿಯು ಹಣ ಸಂದಾಯ ಮಾಡಿರುವುದಿಲ್ಲ’ ಎಂಬ ಮಾತಿನ ಬಾಲ ನುಂಗಿಹೋದರೆ ಪ್ರತಿವಾದಿಯ ತಕರಾರು ವಾದಿಯ ಪರವಾಗಿ ನಿಲ್ಲುತ್ತದೆ.

ಮೂರನೆಯದು ಮೌನ. ನೀವು ಫೈಲು ತಿರುವಲು ನಿಂತಾಗ ಧ್ವನಿಯಲ್ಲಿ ಖಾಲಿ ಜಾಗ ಬೀಳುತ್ತದೆ. ಆ ಖಾಲಿಯನ್ನು ಇಂಥ ಯಂತ್ರಗಳು ಕೆಲವೊಮ್ಮೆ ಯಾರೂ ಆಡದ ಮಾತಿನಿಂದ ತುಂಬುತ್ತವೆ. ಅಮೆರಿಕದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿಸ್ಪರ್ ಬರೆದ ಇಂಗ್ಲಿಷ್ ತುಣುಕುಗಳಲ್ಲಿ ಸುಮಾರು 100ಕ್ಕೆ 1ರಲ್ಲಿ ಹೀಗೆ ಹುಟ್ಟಿದ ಮಾತು ಸಿಕ್ಕಿತು. ಕಾಗುಣಿತ ತಪ್ಪಾದರೆ ಕಣ್ಣಿಗೆ ಕುಟುಕುತ್ತದೆ. ಇದು ಹಾಗಲ್ಲ, ಓದಿದರೆ ಸರಿಯಾಗಿಯೇ ಕಾಣುತ್ತದೆ. ಕಾಗದ ಮಾತ್ರ ನೋಡಿ ತಿದ್ದುವುದನ್ನು ನಾವು ನಿಷೇಧಿಸಿರುವುದು ಈ ಕಾರಣಕ್ಕೇ. ನಮ್ಮವರು ಪೆಡಲ್ ಮೇಲೆ ಕಾಲಿಟ್ಟು, ಇಯರ್‌ಫೋನ್ ಹಾಕಿಕೊಂಡು, ಪ್ರತಿ ಮಾತನ್ನೂ ಕೇಳಿಯೇ ತಿದ್ದಬೇಕು.

ಇನ್ನು ಕಲಮುಗಳು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೆ ಮೊದಲಿನ ಘಟನೆಗೆ ಹಳೆಯ ದಂಡ ಸಂಹಿತೆಯೇ. ಬಾಯಿ ರೂಢಿಯಿಂದ ವಂಚನೆಗೆ ಹಳೆಯ ಸಂಹಿತೆಯ ‘420’ ಎಂದಿರಿ, ಘಟನೆಯ ದಿನಾಂಕ ಆಮೇಲಿನದು ಎಂದುಕೊಳ್ಳಿ. ಯಂತ್ರ 420 ಎಂದೇ ಬರೆದು ಸುಮ್ಮನಾಗುತ್ತದೆ. ಅನುಭವವಿರುವ ನಮ್ಮ ಟೈಪಿಸ್ಟ್ ಅಲ್ಲಿ ನಿಲ್ಲುತ್ತಾರೆ. ಬದಲಿಸುವ ಅಧಿಕಾರ ಅವರದಲ್ಲ, ಹಳದಿ ಗುರುತು ಹಾಕಿ ನಿಮ್ಮನ್ನು ಕೇಳುತ್ತಾರೆ. ಧ್ವನಿ ಸ್ಪಷ್ಟವಿಲ್ಲದ ಕಡೆಯೂ ಅದೇ ಹಳದಿ. ಸಹಿ ಹಾಕುವ ಮುನ್ನ ದಯವಿಟ್ಟು ಆ ಗುರುತುಗಳನ್ನೆಲ್ಲ ಒಮ್ಮೆ ನೋಡಿ.

ಕೆಲವು ಕಾಗದಗಳನ್ನು ಯಂತ್ರಕ್ಕೆ ಕೊಡುವುದೇ ಇಲ್ಲ. ಮೃತ್ಯುಪತ್ರ, ಕುಟುಂಬ ನ್ಯಾಯಾಲಯದ ವ್ಯಾಜ್ಯ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಪ್ರಕರಣ ಇವನ್ನು ಮೊದಲಿನಂತೆ ಒಬ್ಬರೇ ಕೇಳಿ, ಒಬ್ಬರೇ ಟೈಪ್ ಮಾಡುತ್ತಾರೆ. ಕಕ್ಷಿದಾರರ ಮಾತನ್ನು ಗುಪ್ತವಾಗಿಡುವ ಕಟ್ಟುಪಾಡನ್ನು ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ವಕೀಲರ ಗುಮಾಸ್ತರಿಗೂ ನೌಕರರಿಗೂ ವಿಸ್ತರಿಸುತ್ತದೆ. ನಾವು ಹೊರಗಿನ ಕಚೇರಿಯವರಾದರೂ ಅದೇ ಕಟ್ಟುಪಾಡಿಗೆ ನಮ್ಮನ್ನು ಒಪ್ಪಿಸಿಕೊಂಡಿದ್ದೇವೆ. ಕರಡು ಬರೆಯುವ ಕಂಪ್ಯೂಟರಿಗೆ ಇಂಟರ್ನೆಟ್ ಸಂಪರ್ಕವಿಲ್ಲ. ಅಂತಿಮ ಪ್ರತಿ ನಿಮ್ಮ ಕೈ ಸೇರಿ, ಸರಿಯಿದೆ ಎಂದು ನೀವು ಹೇಳಿದ ದಿನವೇ ಧ್ವನಿಯನ್ನು ಅಳಿಸುತ್ತೇವೆ.

ಪುಟದ ದರ ಹೆಚ್ಚುವುದಿಲ್ಲ, ಇಳಿಯುವುದೂ ಇಲ್ಲ. ಯಂತ್ರ ಬರೆಯುವಾಗ ದರ ಯಾಕೆ ಇಳಿಸಬಾರದು ಎಂದು ಕೆಲವರು ಕೇಳಿದ್ದೀರಿ, ನ್ಯಾಯವಾದ ಪ್ರಶ್ನೆ. ಉಳಿಯುವುದು ಬೆರಳಿನ ಶ್ರಮ. ಕೇಳುವ ವೇಳೆ ಉಳಿಯುವುದಿಲ್ಲ, ಅರ್ಧ ಗಂಟೆಯ ಧ್ವನಿಗೆ ಅರ್ಧ ಗಂಟೆಗಿಂತ ಹೆಚ್ಚೇ ಬೇಕು. ಪುಟದ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ನಮ್ಮವರಿಗೆ ಇನ್ನು ತಿಂಗಳ ಸಂಬಳ. ಅವಸರ ಮಾಡಿದರೆ ಹೆಚ್ಚು ದುಡ್ಡು ಎಂಬ ಆಸೆ ಕೇಳುವ ಕಿವಿಗೆ ಒಳ್ಳೆಯದಲ್ಲ. ಯಾರನ್ನೂ ಕೆಲಸದಿಂದ ತೆಗೆದಿಲ್ಲ, ತೆಗೆಯುವುದೂ ಇಲ್ಲ.

ನಿಮ್ಮಿಂದ ಬೇಕಾದದ್ದು ಇಷ್ಟೇ. ಮೊದಲಲ್ಲೇ ಕೇಸಿನ ನಂಬರು, ಕೋರ್ಟಿನ ಹೆಸರು ಹೇಳಿ. ಸರ್ವೆ ನಂಬರು, ಎಕರೆ, ಗುಂಟೆ, ಚೆಕ್ಕಿನ ಮೊತ್ತವನ್ನು ಅಂಕಿ ಅಂಕಿಯಾಗಿ ಬಿಡಿಸಿ ಹೇಳಿ. ಫೈಲು ಹುಡುಕುವಾಗ ರೆಕಾರ್ಡರ್ ನಿಲ್ಲಿಸಿ. ಕನ್ನಡದ ನಡುವೆ ಇಂಗ್ಲಿಷ್ ಬಂದರೆ ಚಿಂತೆಯಿಲ್ಲ, ಕೋರ್ಟಿನ ಮಾತೇ ಹಾಗಿದೆ. ಅದಕ್ಕಾಗಿ ನಿಮ್ಮ ರೂಢಿ ಬದಲಿಸಿಕೊಳ್ಳಬೇಡಿ.

ಈ ಪದ್ಧತಿ ಬೇಡವೆನ್ನುವವರು ಗುಮಾಸ್ತರ ಕೈಯಲ್ಲಿ ಒಂದು ಚೀಟಿ ಕಳಿಸಿದರೆ ಸಾಕು. ನಿಮ್ಮ ಕೆಲಸ ಹಳೆಯ ರೀತಿಯಲ್ಲಿ, ಅದೇ ದರದಲ್ಲಿ ನಡೆಯುತ್ತದೆ. ಒಂದು ದಿನ ತಡವಾಗಬಹುದು, ಆದ್ದರಿಂದ ತಾರೀಖು ಹತ್ತಿರವಿರುವ ಕಾಗದವನ್ನು ಮುಂಚೆಯೇ ಕಳಿಸಿಕೊಡಿ.

ನಿಮ್ಮ ವಿಶ್ವಾಸಿಗಳು,
ಟೈಪಿಂಗ್ ಕಚೇರಿಯ ಪಾಲುದಾರರು ಮತ್ತು ಸಿಬ್ಬಂದಿ