ಚೌಕದೊಳಗೊಂದು ಚೌಕ: ಯೋಸೆಫ್ ಆಲ್ಬರ್ಸ್

ಜರ್ಮನಿಯ ಕಲ್ಲಿದ್ದಲಿನ ಊರು ಬೊಟ್ರಾಪ್. ಅಲ್ಲಿ 1888ರಲ್ಲಿ ಹುಟ್ಟಿದ ಚಿತ್ರಕಾರ ಯೋಸೆಫ್ ಆಲ್ಬರ್ಸ್ ಅವರ ತಂದೆ ಮನೆಗಳಿಗೆ ಬಣ್ಣ ಬಳಿಯುವವರು. ಬಾಗಿಲಿಗೆ ಬಣ್ಣ ಹಚ್ಚುವಾಗ ನಡುವಿನಿಂದ ಶುರುಮಾಡಿ ಅಂಚಿಗೆ ಬಾ, ಸೋರಿದ್ದು ಕುಂಚಕ್ಕೇ ಸಿಗುತ್ತದೆ, ಅಂಗಿಯ ತೋಳೂ ಕೊಳೆಯಾಗುವುದಿಲ್ಲ ಎಂದು ಮಗನಿಗೆ ಕಲಿಸಿದ್ದರು. ಆ ಪಾಠ ಕೊನೆಯವರೆಗೂ ಉಳಿಯಿತು.

ಶಾಲಾ ಮೇಷ್ಟರಾಗಿದ್ದ ಆಲ್ಬರ್ಸ್ 1920ರಲ್ಲಿ, 32ರ ವಯಸ್ಸಿನಲ್ಲಿ, ವೈಮಾರ್ ಊರಿನ ಕಲೆ-ವಿನ್ಯಾಸ ಶಾಲೆ ಬೌಹೌಸ್‌ಗೆ ವಿದ್ಯಾರ್ಥಿಯಾಗಿ ಸೇರಿದರು. ಬಣ್ಣ ಕೊಳ್ಳಲು ಕಾಸಿಲ್ಲ. ವೈಮಾರ್‌ನ ಕಸದ ರಾಶಿಯಿಂದ ಬಾಟಲಿ ಚೂರು ಆಯ್ದು ಗಾಜಿನ ಚಿತ್ರ ಮಾಡಿದರು. ನಾಜಿಗಳ ಒತ್ತಡಕ್ಕೆ 1933ರಲ್ಲಿ ಬೌಹೌಸ್ ಮುಚ್ಚಿತು. ಮುಂದೆ ಅಮೆರಿಕದಲ್ಲಿ ಪಾಠ: ಬ್ಲ್ಯಾಕ್ ಮೌಂಟನ್ ಕಾಲೇಜು, 1950ರಿಂದ ಯೇಲ್ ವಿಶ್ವವಿದ್ಯಾಲಯ.

ಅದೇ ವರ್ಷ ಆರಂಭವಾದ, ಚೌಕದೊಳಗೆ ಚೌಕವಿರುವ ಚಿತ್ರಗಳ 'ಚೌಕಕ್ಕೆ ನಮನ' ಸರಣಿ 1976ರಲ್ಲಿ ಅವರು ತೀರಿಕೊಳ್ಳುವವರೆಗೂ ನಡೆಯಿತು. ಮೇಸೊನೈಟ್ ಹಲಗೆಯ (ಮರದ ನಾರನ್ನು ಒತ್ತಿ ಮಾಡಿದ ಗಟ್ಟಿ ಹಲಗೆ) ಒರಟು ಬದಿಗೆ ಬಿಳಿ ಅಸ್ತರು, ಒಂದರ ಮೇಲೊಂದು ಹಲವು ಸಲ. ಕ್ಯಾನ್ವಾಸಾದರೆ ಒತ್ತಿದಾಗ ಬಾಗುತ್ತದೆ, ಹಲಗೆ ಬಾಗದು. ಬಣ್ಣವನ್ನು ಟ್ಯೂಬಿನಿಂದ ನೇರ ತೆಗೆದು ಬಣ್ಣ ಹರಡುವ ಮೊಂಡು ಚಾಕು, ಪ್ಯಾಲೆಟ್ ನೈಫಿನಿಂದ ಹಚ್ಚುತ್ತಿದ್ದರು, ನಡುವಿನ ಚೌಕದಿಂದಲೇ. ಯಾವ ಕಂಪನಿಯ ಯಾವ ಬಣ್ಣ ಎಂಬುದನ್ನು ಹಲಗೆಯ ಹಿಂದೆ ಬರೆದಿಡುತ್ತಿದ್ದರು. ಅಳತೆಯೂ ಕಟ್ಟುನಿಟ್ಟು. ಹಲಗೆಯನ್ನು 10 ಪಾಲು ಮಾಡಿದರೆ, ನಾಲ್ಕು ಚೌಕದ ಚಿತ್ರದಲ್ಲಿ ಅವುಗಳ ಅಗಲ 10, 8, 6, 4. ಒಂದೊಂದರ ನಡುವಿನ ಅಂತರ ಕೆಳಗೆ ಅರ್ಧ ಪಾಲು, ಪಕ್ಕಗಳಲ್ಲಿ ಒಂದು, ಮೇಲೆ ಒಂದೂವರೆ. ಹಾಗಾಗಿಯೇ ಚೌಕಗಳೆಲ್ಲ ಕೆಳಕ್ಕೆ ಕೂತಂತೆ, ನೆಲಕ್ಕೆ ಅಂಟಿದಂತೆ ಕಾಣುತ್ತವೆ.

ಪಕ್ಕದ ಬಣ್ಣ ಬದಲಾದರೆ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ ಎಂಬ ಅವರ ವಿಚಾರ ನನ್ನ ಮಟ್ಟಿಗೆ ಪೂರ್ತಿ ಬಿಚ್ಚಿಕೊಳ್ಳುವುದು ಸ್ಕ್ರೀನ್ ಪ್ರಿಂಟ್‌ಗಳಲ್ಲಿ. ಊರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ವಿಧಾನವೇ ಇದು: ಒಂದು ಬಣ್ಣಕ್ಕೊಂದು ಸ್ಕ್ರೀನ್ (ಬಣ್ಣ ಇಳಿಯುವ ಜಾಲರಿ ಬಟ್ಟೆ), ಕುಂಚದ ಗುರುತಿಲ್ಲದ ಸಪಾಟು ಬಣ್ಣ. 1963ರ ಅವರ 'ಇಂಟರಾಕ್ಷನ್ ಆಫ್ ಕಲರ್' ಪುಸ್ತಕದ ಫಲಕಗಳನ್ನೂ ಹೆಚ್ಚಾಗಿ ಹೀಗೇ ಮುದ್ರಿಸಿದ್ದರು. ಆದರೆ ಒಂದು ಬಣ್ಣಕ್ಕೆ ಇನ್ನೊಂದನ್ನು ಕೂಡಿಸುವಾಗ ಕೂದಲೆಳೆಯಷ್ಟು ಜರುಗಿದರೂ ಕೆಲಸ ಕೆಟ್ಟಿತು. ಎರಡು ಬಣ್ಣಗಳ ನಡುವೆ ಬಿಳಿ ಗೆರೆಯೋ ಕಪ್ಪು ಗೆರೆಯೋ ಮೂಡುತ್ತದೆ. ಕಣ್ಣು ಗೆರೆಗೇ ಅಂಟಿಕೊಳ್ಳುತ್ತದೆ, ಬಣ್ಣಗಳು ಒಂದರ ಮೇಲೊಂದು ಬೀರುವ ಪ್ರಭಾವ ಕಾಣುವುದೇ ಇಲ್ಲ.

ಆ ಪ್ರಭಾವ ಸೀರೆ ಆರಿಸುವವರಿಗೆಲ್ಲ ಗೊತ್ತು. ಅದೇ ಮೆಂತ್ಯ ಬಣ್ಣದ ಅಂಚು ಕಪ್ಪು ಒಡಲಿಗೆ ಹೊಳೆಯುತ್ತದೆ, ಬಿಳಿ ಒಡಲಿಗೆ ಮಂಕಾಗುತ್ತದೆ. ಆಲ್ಬರ್ಸ್ ತರಗತಿಯಲ್ಲಿ ಇದನ್ನು ಬಣ್ಣದ ಕಾಗದದಿಂದ ಕಲಿಸುತ್ತಿದ್ದರು, ಏಕೆಂದರೆ ಕಲಸಿದ ಬಣ್ಣ ಮತ್ತೊಮ್ಮೆ ಅದೇ ಛಾಯೆಯಲ್ಲಿ ಬರುವುದು ಕಷ್ಟ. ಮನೆಯಲ್ಲಿ ಮಕ್ಕಳ ಜೊತೆ ಮಾಡಿ ನೋಡಿ. ಒಂದು ಕಪ್ಪು ಹಾಳೆ, ಒಂದು ಬಿಳಿ ಹಾಳೆ ಪಕ್ಕಪಕ್ಕ ಇಡಿ. ಒಂದೇ ಬೂದು ಕಾಗದದಿಂದ 2 ಸೆಂ.ಮೀ.ನ ಎರಡು ಚೌಕ ಕತ್ತರಿಸಿ ಒಂದೊಂದು ಹಾಳೆಯ ನಡುವೆ ಒಂದೊಂದು ಇಡಿ. ಹೊಳಪಿನ ಕಾಗದ ಬೇಡ, ಬೆಳಕು ಪ್ರತಿಫಲಿಸುತ್ತದೆ. ಪೆನ್ಸಿಲ್ ಗೆರೆ ಉಳಿಯಬಾರದು. ಚೌಕ ದೊಡ್ಡದಾದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಕಪ್ಪಿನ ಮೇಲಿನ ಬೂದು ತಿಳಿಯಾಗಿ ಕಂಡು ಮಕ್ಕಳು ಎರಡೂ ಬೇರೆ ಎಂದು ಹಟ ಹಿಡಿದರೆ, ಅದೇ ಬೂದು ಕಾಗದದ ಪಟ್ಟಿಯೊಂದನ್ನು ಎರಡೂ ಚೌಕಗಳಿಗೆ ಸೇತುವೆಯಂತೆ ಅಡ್ಡ ಇಟ್ಟು ತೋರಿಸಿ.