ಅಟ್ಟದ ಮೇಲಿನ ಡ್ರಮ್ಮು

ಮ್ಯಾಂಚೆಸ್ಟರ್
ಜುಲೈ 28, ಭಾನುವಾರ

ಪ್ರೀತಿಯ ತಮಾ,

ಉಭಯ ಕುಶಲೋಪರಿ. ಅಜ್ಜ ಎಲ್ಲ ಕಾಗದವನ್ನೂ ಹೀಗೇ ಶುರು ಮಾಡುತ್ತಿದ್ದ, ಜ್ವರ ಬಂದು ಮಲಗಿದ್ದಾಗಲೂ. ಅಡಿಕೆಗೆ ಎರಡನೇ ಔಷಧಿ ಹೊಡೆದಾಯ್ತಾ? ಈ ಮಳೆಯಲ್ಲಿ ಮರ ಹತ್ತುವ ಕೊನೆಗೌಡ ಸಿಗುವುದೇ ಕಷ್ಟ ಅಂದಿದ್ದೆ.

ಮೊನ್ನೆ ಫೋನು ಮಾಡಿದಾಗ ಅಟ್ಟ ಖಾಲಿ ಮಾಡ್ತಾ ಇದ್ದೆ, ಹಳೇ ಡ್ರಮ್ಮು ಸಿಕ್ಕಿತು, ಒಂದು ಬದಿ ಇಲಿ ತಿಂದಿದೆ, ಬಿಸಾಡಲಾ ಅಂತ ಕೇಳಿದೆಯಲ್ಲ. "ನಿನ್ನಿಷ್ಟ" ಅಂದು ನಾನು ಮಾತು ಹಾರಿಸಿದೆ. ಅಷ್ಟರಲ್ಲಿ ಆಯಿ ಫೋನು ಕಸಿದುಕೊಂಡು ಅಪ್ಪೆಮಿಡಿ ಬಂತಾ ಕೇಳಿದಳು. ಬಂತು. ಸೋರಿ ಎರಡು ಅಂಗಿ ಹಾಳಾದದ್ದು ಮಾತ್ರ ಅವಳಿಗೆ ಹೇಳಬೇಡ. ಡ್ರಮ್ಮಿನ ಮಾತು ಅಲ್ಲಿಗೇ ನಿಂತಿತು. ನಿಂತದ್ದು ನನಗೆ ಒಳ್ಳೆಯದೇ ಆಯ್ತು ಅನ್ನು. ಆದರೆ ಅವತ್ತಿನಿಂದ ನಿದ್ದೆ ಸರಿ ಬರ್ತಾ ಇಲ್ಲ.

ಇಲ್ಲಿ ಪೀಟರ್ ಸ್ಟ್ರೀಟಿನಲ್ಲಿ ಫ್ರೀ ಟ್ರೇಡ್ ಹಾಲ್ ಅಂತ ಒಂದು ಕಟ್ಟಡ ಇದೆ. 1856ರಲ್ಲಿ ಕಟ್ಟಿ ಮುಗಿಸಿದ್ದು. ಈಗ ಎದುರಿನ ಕಲ್ಲಿನ ಗೋಡೆ ಮಾತ್ರ ಹಳೆಯದು, ಅದರ ಹಿಂಭಾಗವೆಲ್ಲ ಹೋಟೆಲು. ಇದೇ ಕಟ್ಟಡದ ಸಣ್ಣ ಸಭಾಂಗಣದಲ್ಲಿ 1976ರ ಜೂನ್ 4ರಂದು ಸೆಕ್ಸ್ ಪಿಸ್ಟಲ್ಸ್ ಅನ್ನುವ ಪಂಕ್ ಬ್ಯಾಂಡಿನವರು ಹಾಡಿದ್ದು. ಕೇಳಲು ಬಂದವರು ಕೆಲವೇ ಡಜನ್ ಜನ. ಅವರಲ್ಲೊಬ್ಬ, ಪೀಟರ್ ಹುಕ್, ಮರುದಿನವೇ ಹೋಗಿ ಬಾಸ್ ಗಿಟಾರ್ ಕೊಂಡ. ಆಮೇಲೆ ಜಾಯ್ ಡಿವಿಜನ್ ಬ್ಯಾಂಡಿನಲ್ಲಿ ನುಡಿಸಿದ. ಕಾರ್ಯಕ್ರಮ ಇಟ್ಟ ಹುಡುಗರಿಬ್ಬರು ಬಝ್‌ಕಾಕ್ಸ್ ಅನ್ನುವ ಬ್ಯಾಂಡು ಕಟ್ಟಿಕೊಂಡು, ಗೆಳೆಯರ ಹತ್ತಿರ ಮನೆಯವರ ಹತ್ತಿರ 500 ಪೌಂಡು ಸಾಲ ಎತ್ತಿ, ತಮ್ಮ ರೆಕಾರ್ಡು ತಾವೇ ಹೊರಡಿಸಿದರು. ಅವತ್ತು ನಾನೂ ಅಲ್ಲಿದ್ದೆ ಅನ್ನುವವರನ್ನೆಲ್ಲ ಈಗ ಸೇರಿಸಿದರೆ ನಮ್ಮ ಮಾರಿಕಾಂಬೆ ಜಾತ್ರೆ ಆಗುತ್ತದೆ.

ಕಳೆದ ವಾರ ಆಫೀಸಿನವರ ಜೊತೆ ಆ ದಾರಿಯಲ್ಲಿ ಬರುವಾಗ ನಮ್ಮ ಬ್ಯಾಂಡಿನ ಕತೆಯನ್ನೂ ಹೇಳಿದೆ. ಎಷ್ಟೋ ಸಲ ಹೇಳಿ ಹೇಳಿ ಅದಕ್ಕೊಂದು ಹದ ಬಂದಿದೆ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಯಾರೋ ಫಾರಿನ್ನಿನವ ಬಿಟ್ಟುಹೋದ ಕ್ಯಾಸೆಟ್ಟು ಭಾವನ ಅಂಗಡಿಯಿಂದ ನಮ್ಮ ಮನೆಗೆ ಬಂದದ್ದು. ಮೇಲೆ ಪೆನ್ನಿನಲ್ಲಿ ಬರೆದಿದ್ದ ರಮೋನ್ಸ್ ಅನ್ನುವುದನ್ನು ನೀನು ರಾಮನ್ಸ್ ಎಂದು ಓದಿದ್ದು, ಆಯಿ "ರಾಮನ ಭಜನೆಯನಾ?" ಎಂದು ಸಂಜೆ ದೀಪ ಹಚ್ಚಿದ ಮೇಲೆ ಹಾಕಿಸಿದ್ದು. ಅರ್ಧ ನಿಮಿಷ ಕೇಳಿ ಅವಳು "ಶ್ರುತಿಪೆಟ್ಟಿಗೆಗೆ ಜ್ವರ ಬಂದ ಹಾಗಿದ್ದು" ಅಂದಳಲ್ಲ, ಇಲ್ಲಿಯವರಿಗೆ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ನಗು ಆರಿಹೋಗುತ್ತದೆ. ಆದರೆ ಅವಳು ಹೇಳಿದ್ದು ಸರಿಯೇ. ನಾವು ಗಿಟಾರಿನಲ್ಲಿ ಅಷ್ಟು ಕಷ್ಟಪಟ್ಟು ಕಲಿತ ಪವರ್ ಕಾರ್ಡ್ ಅಂದರೆ ಬರೀ ಷಡ್ಜ-ಪಂಚಮ, ಮಧ್ಯೆ ಗಾಂಧಾರ ಇಲ್ಲ. ತಂಬೂರಿಯವ ಕೂತು ಮೀಟುವುದನ್ನೇ ನಾನು ನಿಂತು ಕುಟ್ಟುತ್ತಿದ್ದೆ.

ಆ ರಮೋನ್ಸ್ ಬ್ಯಾಂಡಿನ ಮೊದಲ ರೆಕಾರ್ಡಿನಲ್ಲಿ 29 ನಿಮಿಷಕ್ಕೆ 14 ಹಾಡು. ನಮ್ಮ ಬಡಗಿನ ಯಕ್ಷಗಾನದ ಆಟದಲ್ಲಿ ಅಷ್ಟು ಹೊತ್ತಿಗೆ ಒಡ್ಡೋಲಗ ಮುಗಿದರೆ ಪುಣ್ಯ.

ಮೈಕ್‌ಸೆಟ್ ಅಂಗಡಿಯವನ ಅಹೂಜಾ ಆಂಪ್ಲಿಫಯರ್ ನೆನಪಿದೆಯಾ? ಭಾಷಣಕ್ಕೆ ಮಾಡಿದ್ದು ಅದು, ಗಿಟಾರಿಗಲ್ಲ. ವಾಲ್ಯೂಮ್ ಪೂರ್ತಿ ತಿರುಗಿಸಿದರೆ ತಡೆಯಲಾಗದೆ ಸ್ವರ ಒಡೆದು ಗರಗರ ಅನ್ನುತ್ತಿತ್ತು. ಇಲ್ಲಿಯ ಹುಡುಗರು ಆ ಗರಗರಕ್ಕೆ ಅಂತಲೇ ದುಡ್ಡು ಕೊಟ್ಟು ಪೆಡಲ್ ಕೊಳ್ಳುತ್ತಾರೆ ಮಾರಾಯ. ನಮಗದು ಬಾಡಿಗೆಯ ಜೊತೆಗೇ ಬರುತ್ತಿತ್ತು. ಮಳೆಗಾಲದಲ್ಲಿ ತಂತಿಗೆ ತುಕ್ಕು, ಅದಕ್ಕೆ ಕೊಬ್ಬರಿ ಎಣ್ಣೆ. ಕಾರ್ತಿಕದ ಹೊತ್ತಿಗೆ ಅಡಿಕೆ ಬೇಯಿಸುವ ಹೊಗೆ, ಚೊಗರಿನ ವಾಸನೆ ಅಟ್ಟಕ್ಕೆ ಏರಿ, ಗಿಟಾರಿನ ಹೊಟ್ಟೆಯೊಳಗೂ ಅದೇ ವಾಸನೆ. ನಿನ್ನ ಡ್ರಮ್ಮು ಮದುವೆ ಬ್ಯಾಂಡಿನವರು ಬೇಡವೆಂದು ಕೊಟ್ಟದ್ದು. ಚಂಡೆ ಮುಟ್ಟಲು ಅಪ್ಪಯ್ಯ ಬಿಡಲಿಲ್ಲ. ಸೈಕಲ್ಲಿನ ಸ್ಪ್ರಿಂಗು, ಟ್ಯೂಬಿನ ಚೂರು ಸೇರಿಸಿ ನೀನು ಕಾಲಿನ ಪೆಡಲ್ ಮಾಡಿಕೊಂಡೆ. ಆಯಿಯ ಹಿತ್ತಾಳೆ ಹರಿವಾಣಕ್ಕೆ ಹಗ್ಗ ಕಟ್ಟಿ ನೇತುಹಾಕಿದೆ. ಅದು ಬಿರಿದದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ ಅಂದುಕೊಂಡಿದ್ದೇನೆ.

ಹಾಡುವವ ಕಾರವಾರದ ಕಡೆಯ ನಮ್ಮ ಕೊಂಕಣಿ ಮಾಣಿ, ಹಾಸ್ಟೆಲಿನಿಂದ ಓಡಿ ಬರುತ್ತಿದ್ದವ. ಅವನದು ನೌಕಾನೆಲೆಗಾಗಿ ಜಾಗ ಬಿಟ್ಟ ಮನೆ. ಅವನು ಬರೆದ ಹಾಡಿಗೆ ಇದ್ದದ್ದೇ ಒಂದು ಸಾಲು: "ನಮ್ಮ ಸಮುದ್ರ ಎಲ್ಲಿ ಇಟ್ಟಿದ್ದೀರಿ?" ಹದಿನಾರು ಸಲ ಕೂಗುವುದು. ನಾನು ಬರೆದದ್ದು ಕರೆಂಟಿನ ಹಾಡು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು, ದಡದಲ್ಲಿ ಕೈಗಾ ಅಣುಸ್ಥಾವರ, ನಮ್ಮ ಮನೆಯಲ್ಲಿ ಚಿಮಣಿ ಬುಡ್ಡಿ. ಈಗ ಯೋಚಿಸಿದರೆ ನನ್ನದು ಬುದ್ಧಿಯ ಹಾಡು, ಅವನದು ಹೊಟ್ಟೆಯೊಳಗಿನದು.

ಬ್ಯಾಂಡಿಗೆ ಹೆಸರು ಇಡುವುದರಲ್ಲೇ ಎರಡು ತಿಂಗಳು ಜಗಳ, ಕೊನೆಗೂ ಇಡಲಿಲ್ಲ. ಚೌತಿಯ ಮರುದಿನ ಊರ ಗಣಪತಿ ಎದುರು "ಈಗ ನಮ್ಮೂರ ಮಾಣಿಗಳಿಂದ ವಾದ್ಯಗೋಷ್ಠಿ" ಎಂದು ಕೂಗಿದರು. ಜನ ಚಿತ್ರಗೀತೆ ಎಂದುಕೊಂಡರು. ಮ್ಯಾಂಚೆಸ್ಟರಿನ ಆ ರಾತ್ರಿಗಿಂತ ನಮಗೆ ಜನ ಜಾಸ್ತಿ. ಎಲ್ಲ ಆಮೇಲಿನ ಆಟಕ್ಕೆ ಮೊದಲೇ ಕಂಬಳಿ ಹಾಸಿ ಜಾಗ ಹಿಡಿದವರು, ಎದ್ದು ಹೋಗುವ ಹಾಗಿರಲಿಲ್ಲ. ಎರಡನೇ ಹಾಡಿಗೆ ಕರೆಂಟು ಹೋಯ್ತು, ಅದೂ ಕರೆಂಟಿನ ಹಾಡಿಗೇ. ಕತೆ ಇಲ್ಲಿಗೆ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಮುಂದಿನದನ್ನು ಯಾರಿಗೂ ಹೇಳುವುದಿಲ್ಲ. ನೀನು ನಿಲ್ಲಿಸಲಿಲ್ಲ. ಕತ್ತಲೆಯಲ್ಲಿ ನಾನು ಗಿಟಾರ್ ಹಿಡಿದು ಕಂಬದ ಹಾಗೆ ನಿಂತಿದ್ದೆ, ಮಾಣಿಗೆ ಮೈಕು ಇಲ್ಲ, ನೀನೊಬ್ಬ ಬಾರಿಸುತ್ತಲೇ ಇದ್ದೆ. ಮೊದಮೊದಲು ನಮ್ಮ ಹಾಡಿನ ಪೆಟ್ಟೇ. ಆಮೇಲೆ ಅದು ಮೆಲ್ಲಗೆ ಬೇರೆಯಾಗಿ, ಏರುಪದಕ್ಕೆ ಚಂಡೆ ಏರುವ ಹಾಗೆ ಏರತೊಡಗಿತು. ಮಾಣಿ ಬರೀ ಗಂಟಲಿನಲ್ಲಿ ಸಮುದ್ರ ಎಲ್ಲಿ ಎಂದು ಕೂಗಿದ. ಗ್ಯಾಸ್‌ಲೈಟು ತರುವವರೆಗೆ ಐದು ನಿಮಿಷವೋ ಹತ್ತು ನಿಮಿಷವೋ. ನಾವು ಬ್ಯಾಂಡು ಅಂತ ಆಗಿದ್ದರೆ ಅಷ್ಟೇ ಹೊತ್ತು, ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಮರುದಿನ ದೋಸೆ ತಿನ್ನುವಾಗ ಅಪ್ಪಯ್ಯ ನಿನಗೆ ಮಾತ್ರ ಹೇಳಿದ, "ತಾಳ ತಪ್ಪಿದ್ದಿಲ್ಲೆ" ಅಂತ. ಇಪ್ಪತ್ತು ವರ್ಷ ಮದ್ದಲೆ ಹಿಡಿದು ತಾಳಮದ್ದಲೆಗೆ ಕೂತವನ ಬಾಯಿಂದ. ನನಗೆ ಇನ್ನೆರಡು ದೋಸೆ ಹಾಕಿಸಿದ, ಅಷ್ಟೆ.

ಇನ್ನು ಗಿಟಾರಿನ ವಿಷಯ. ಹುಬ್ಬಳ್ಳಿ ಬಸ್ಸಿನಲ್ಲಿ ಮರೆತು ಇಳಿದೆ ಎಂದು ನಿಮಗೆಲ್ಲ ಹೇಳಿದ್ದೆ. ನೀನು ಎರಡು ದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡಕ್ಟರುಗಳನ್ನು ಕೇಳಿ ಬಂದೆ. ಅದು ಕಳೆದದ್ದಲ್ಲ, ತಮಾ. ಮಾರಿದ್ದು. 1,800 ರೂಪಾಯಿಗೆ, ಹುಬ್ಬಳ್ಳಿಯಲ್ಲಿ. ಬೆಂಗಳೂರಿನಲ್ಲಿ ರೂಮಿಗೆ ಮುಂಗಡ ಕೊಡಬೇಕಿತ್ತು, ಅಪ್ಪಯ್ಯನ ಹತ್ತಿರ ಕೇಳಲು ಮುಖ ಇರಲಿಲ್ಲ. ಆ ಗಿಟಾರ್ ಬಂದದ್ದು ಯಾರ ದುಡ್ಡಿನಲ್ಲಿ ಅನ್ನುವುದು ನನಗೆ ಮರೆತಿರಲಿಲ್ಲ. ಎರಡು ಸುಗ್ಗಿ ನೀನು ಹೆಂಗಸರ ಸಾಲಿನಲ್ಲಿ ಮೆಟ್ಟುಗತ್ತಿ ಮುಂದೆ ಕೂತು, ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿದು ಕೂಡಿಸಿದ್ದು. ಬೆರಳು ಕಪ್ಪಾಗಿ, ಶಾಲೆಯಲ್ಲಿ ಕೈ ಮುಚ್ಚಿಕೊಂಡು ಕೂರುತ್ತಿದ್ದೆ. ನೀನು ಬಾರಿಸುವವ, ನಿನಗೆ ಗಿಟಾರ್ ಬೇಕೇ ಇರಲಿಲ್ಲ.

ಇಷ್ಟು ವರ್ಷ ಇದನ್ನು ಇಟ್ಟುಕೊಂಡೇ ಇಲ್ಲಿ ಕೂತು ತಮಾಷೆಯ ಕತೆ ಹೇಳುತ್ತಿದ್ದೆ. ಡ್ರಮ್ಮು ಬಿಸಾಡಲಾ ಅಂತ ನೀನು ನನ್ನನ್ನು ಕೇಳಿದೆ ನೋಡು, ಕೇಳಬೇಕಾದವ ನೀನಲ್ಲ.

ಅದು ನಿನ್ನದು, ಏನು ಮಾಡುತ್ತೀಯೋ ಮಾಡು. ಇಡುವುದಾದರೆ ಅಪ್ಪಯ್ಯನ ಮದ್ದಲೆಗೆ ಮುಚ್ಚಿಗೆ ಹಾಕಿಕೊಡುವವರಿದ್ದಾರಲ್ಲ, ಅವರನ್ನು ಒಮ್ಮೆ ಕೇಳು, ಚರ್ಮ ಹಾಕಿಸಬಹುದಾ ಅಂತ. ದುಡ್ಡು ನಾನು ಕಳಿಸುತ್ತೇನೆ. ಕಳಿಸಬೇಡ ಅನ್ನಬೇಡ. ಹರಿವಾಣ ಸಿಕ್ಕಿದರೆ ಮಾತ್ರ ಆಯಿ ಕೈಗೆ ಬೀಳುವ ಮೊದಲು ತೆಗೆದಿಡು.

ಬೈಯುವುದಿದ್ದರೆ ಫೋನಿನಲ್ಲಿ ಬೈಯಬೇಡ, ಅಪ್ಪಯ್ಯ ಜಗುಲಿಯಲ್ಲೇ ಕೂತಿರುತ್ತಾನೆ. ಬರೆದು ಕಳಿಸು.

ಇಂತಿ,
ನಿನ್ನ ಅಣ್ಣ