ವಿಷಯ: ಬಾದಾಮಿಯ ಬಾಡಿಗೆ ಮನೆಯಲ್ಲಿ ನಮ್ಮ ಆಧಾರ್ ಕಾರ್ಡ್‌ಗಳಿಗೆ ಆದ ಗತಿ

ಗ್ರಾಹಕ ಸೇವೆಯವರಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ "48 ಗಂಟೆಯಲ್ಲಿ ಉತ್ತರ ಬರುತ್ತೆ ಮೇಡಂ" ಅಂದರು. ಇವತ್ತಿಗೆ ಹದಿನೇಳು ದಿನ. ಇನ್ನು ಫೋನ್ ಮಾಡೋದಿಲ್ಲ, ಬರೆದೇ ಕೊಡುತ್ತಿದ್ದೇನೆ.

ನಾನು ಬೆಳಗಾವಿಯವಳು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನೋಡಬೇಕು ಅನ್ನೋದು ಅವ್ವನ ಬಹಳ ದಿನದ ಆಸೆ. ಅವಳಿಗೆ 72 ವರ್ಷ, ಮಹಡಿ ಹತ್ತೋಕೆ ಆಗಲ್ಲ. ಅದಕ್ಕೇ ಲಾಡ್ಜ್ ಬಿಟ್ಟು, ನಿಮ್ಮ ಆ್ಯಪ್‌ನಲ್ಲಿ ಬಾದಾಮಿಯ ಒಂದು ಮನೆಯನ್ನು ಎರಡು ರಾತ್ರಿಗೆ ಹಿಡಿದೆ. 5,200 ರೂಪಾಯಿ ಮೊದಲೇ ಕಟ್ಟಿದೆ. ನೀವು ಡ್ರೈವಿಂಗ್ ಲೈಸೆನ್ಸ್ ಕೇಳಿದಿರಿ, ಕೊಟ್ಟೆ. ಸೆಲ್ಫಿ ಕೇಳಿದಿರಿ, ಅದನ್ನೂ ಕೊಟ್ಟೆ. ನನ್ನ ಹೆಸರಿನ ಪಕ್ಕ 'ಪರಿಶೀಲಿಸಲಾಗಿದೆ' ಅಂತ ಹಸಿರು ಗುರುತು ಬಂತು. ಇದರ ಮೇಲೆ ಬೇರೆ ದಾಖಲೆ ಬೇಕಿದ್ದರೆ ಮನೆಯವರು ಬುಕಿಂಗ್‌ಗೆ ಮೊದಲೇ ತಿಳಿಸಬೇಕು ಅನ್ನೋದು ನಿಮ್ಮದೇ ನಿಯಮ, ಅಲ್ವಾ?

ಸಂಜೆ ಏಳಕ್ಕೆ ಹೋದೆವು. ನಾನು, ಅವ್ವ, ಹತ್ತನೇ ಕ್ಲಾಸಿನ ಮಗಳು. ಮನೆ ನೋಡಿಕೊಳ್ಳುವ ಹುಡುಗ ಕೀಲಿ ಕೈಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದ.

"ಎಲ್ಲಾರ ಆಧಾರ್ ಕೊಡ್ರಿ ಅಕ್ಕಾರ."

ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಕೊಟ್ಟೆ. ಆಧಾರ್‌ನವರೇ ತಮ್ಮ ವೆಬ್‌ಸೈಟಿನಲ್ಲಿ ಕೊಡುವ ಪ್ರತಿ ಅದು.

"ಇದು ನಡಿಯಂಗಿಲ್ರಿ. ಪೂರ್ತಿ ನಂಬರ್ ಬೇಕ್ರಿ."

ಲೈಸೆನ್ಸ್ ತೋರಿಸಿದೆ, ವೋಟರ್ ಕಾರ್ಡ್ ತೋರಿಸಿದೆ. ಮುಟ್ಟಲೂ ಇಲ್ಲ.

"ಗಂಡಸರು ಯಾರೂ ಬಂದಿಲ್ಲೇನ್ರಿ? ಯಜಮಾನ್ರು ಎಲ್ಲಿ ಅದಾರ್ರಿ?"

ಅದು ನಿನಗ್ಯಾಕಪ್ಪಾ ಅಂದೆ.

"ಸಾಹುಕಾರ್ರು ಕೇಳ್ತಾರ್ರಿ. ಬರೇ ಹೆಣ್ಮಕ್ಕಳು ಅಂದ್ರ ಕೇಳಬೇಕಾಗತೈತ್ರಿ."

ನನ್ನ ಗಂಡ ತೀರಿಕೊಂಡು ಮೂರು ವರ್ಷ. ಅದನ್ನು ಬೀದಿಯಲ್ಲಿ ನಿಂತು, ಮಗಳ ಮುಂದೆ, ಗೊತ್ತಿಲ್ಲದ ಹುಡುಗನಿಗೆ ಹೇಳಬೇಕಾಯಿತು. ಎದುರುಮನೆ ಕಟ್ಟೆಯವರು ಮಾತು ನಿಲ್ಲಿಸಿ ಕೇಳುತ್ತಿದ್ದರು. ಮಗಳು ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆಯುತ್ತಾ ನಿಂತಳು. ಅವ್ವ ಹೊಸ್ತಿಲ ಮೇಲೇ ಕೂತುಬಿಟ್ಟಳು. "ಕೊಟ್ಟುಬಿಡವ್ವಾ, ನನಗ ನಿಂದ್ರಾಕ ಆಗವಲ್ದು" ಅಂದಳು.

ಕೊಟ್ಟೆ. ಮೂರೂ ಕಾರ್ಡ್ ಕಟ್ಟೆಯ ಮೇಲೆ ಜೋಡಿಸಿ, ಹಿಂದೆ ಮುಂದೆ ಫೋಟೊ ಹೊಡೆದು, ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ. ಗ್ರೂಪಿನಲ್ಲಿ ಯಾರಿದ್ದಾರೆ ಅಂದರೆ "ನಮ್ಮ ಹುಡುಗ್ರ ಅದಾರ್ರಿ". ನನ್ನ ಹದಿನೈದು ವರ್ಷದ ಮಗಳ ಮುಖ, ಹುಟ್ಟಿದ ದಿನ, ಮನೆ ವಿಳಾಸ ಯಾವ ಹುಡುಗರ ಫೋನಿನಲ್ಲಿದೆ? ನೀವೇ ಹೇಳಿ.

ಮರುದಿನ ಬೆಳಗ್ಗೆ ಚಹಾಕ್ಕೆ ಅಂತ ಸಕ್ಕರೆ ಡಬ್ಬಿ ಎತ್ತಿದೆ. ಕಪಾಟಿಗೆ ಹಾಸಿದ್ದು ಆಧಾರ್ ಜೆರಾಕ್ಸ್. ಹಿಂದೆ ಬಂದು ಹೋದವರದು, ಏಳು ಹಾಳೆ. ಒಂದರ ಮೇಲೆ ಎಣ್ಣೆ ಡಬ್ಬಿಯ ದುಂಡು ಕಲೆ, ಕಲೆಯೊಳಗೆ ಒಬ್ಬ ಹೆಂಗಸಿನ ಮುಖ. ಹೆಸರು, 12 ಅಂಕಿ, ಎಲ್ಲ ಓದೋಕೆ ಬರುತ್ತಿತ್ತು. ನನ್ನ ಹೊಟ್ಟೆ ತೊಳಸಿತು. ಹುಡುಗನನ್ನು ಕೇಳಿದರೆ "ಅವು ಹಳೇವ್ರಿ" ಅಂದ. ಹೆಸರು, ನಂಬರ್, ಮುಖ ಮುಚ್ಚಿ ಫೋಟೊ ಲಗತ್ತಿಸಿದ್ದೇನೆ. ಮುಚ್ಚೋಕೆ ಎರಡು ನಿಮಿಷ ಹಿಡಿಯಿತು, ಅಷ್ಟೇ.

ಜಾತ್ರೆ ಬಗ್ಗೆ ಬರೆಯೋ ಮನಸ್ಸಿಲ್ಲ. ಅವ್ವನಿಗೆ ದೇವಿ ದರ್ಶನ ಆಯಿತು.

ಗುರುತು ಕೇಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದವರಿಗೆ ಮನೆ ಕೊಡೋರಿಗೂ ಭಯ ಇರುತ್ತೆ. ಕಾರ್ಡ್ ನೋಡಲಿ, ಮುಖ ನೋಡಲಿ, ರಿಜಿಸ್ಟರ್‌ನಲ್ಲಿ ಹೆಸರು ಬರೆದು ಸಹಿ ಹಾಕಿಸಲಿ. ಆದರೆ ನೋಡೋದು ಬೇರೆ, ಇಟ್ಟುಕೊಳ್ಳೋದು ಬೇರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲೇ ಹೇಳಿದ್ದಾರೆ. ಜನರ ಮಾಹಿತಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಬರೆದಿದೆ. ನಿಮ್ಮ ಕಾನೂನು ವಿಭಾಗಕ್ಕೆ ಇದು ಗೊತ್ತಿರಲೇಬೇಕು.

ನಿಮ್ಮವರು ಫೋನಿನಲ್ಲಿ "ಅದು ಮನೆ ಮಾಲೀಕರ ವಿಷಯ" ಅಂದರು. ದುಡ್ಡು ತೆಗೆದುಕೊಂಡಿದ್ದು ಯಾರು? ರಸೀದಿ ಮೇಲೆ ಯಾರ ಹೆಸರಿದೆ?

ಆ ಗ್ರೂಪಿನಿಂದ, ಎಲ್ಲರ ಫೋನಿನಿಂದ ನಮ್ಮ ಫೋಟೊ ಅಳಿಸಿ, ಅಳಿಸಿದ್ದೇವೆ ಅಂತ ಬರೆದುಕೊಡಿ. ಆ ಏಳು ಹಾಳೆಯವರಿಗೂ ತಿಳಿಸಿ, ಪಾಪ ಅವರಿಗೆ ಏನೂ ಗೊತ್ತಿಲ್ಲ. ದುಡ್ಡು ವಾಪಸ್ ಬಂದರೆ ಬರಲಿ, ಅದಕ್ಕಾಗಿ ಬರೆದಿದ್ದಲ್ಲ.

ಹದಿನೈದು ದಿನ ನೋಡುತ್ತೇನೆ. ಆಮೇಲೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸ್ ಎಲ್ಲೇ ಇರಲಿ, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ದೂರು ಹಾಕಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಬಾದಾಮಿ ಪೊಲೀಸರಿಗೂ ಬರೆದುಕೊಡುತ್ತೇನೆ. ಮಗಳ ಫೋಟೊ ಆ ಗ್ರೂಪಿನಲ್ಲಿ ಇರುವವರೆಗೆ ನಾನು ಸುಮ್ನೆ ಕೂರಲ್ಲ.

ಇಂತಿ,
ನಿಮ್ಮ ಆ್ಯಪ್‌ನಲ್ಲಿ 'ಪರಿಶೀಲಿಸಲಾದ' ಬೆಳಗಾವಿಯ ಗ್ರಾಹಕಿ